ಜೆಎಸ್‌ಎಕ್ಸ್: ಪುಟ ನೇಯುವ ಬಗೆ

ತೇರದಾಳ, ರಬಕವಿ, ಬನಹಟ್ಟಿಗಳ ನೇಕಾರರಿಗೆ ಸೀರೆಯ ಅಂಗಗಳನ್ನು ಹೇಳಿಕೊಡಬೇಕಿಲ್ಲ: ಒಡಲು, ದಡಿ, ಸೆರಗು. ಇದೇ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಕಂಪ್ಯೂಟರ್ ಪರದೆಯ ಮೇಲಿನ ವೆಬ್ ಪುಟವನ್ನೂ ಹೀಗೆ ಅಂಗಾಂಗವಾಗಿ ಕಟ್ಟುವ ಕ್ರಮ ವ್ಯಾಪಕವಾಗಲು ಎರಡು ದಶಕಗಳೇ ಬೇಕಾದವು. ಅದಕ್ಕೆ ನೆರವಾದ ಬರವಣಿಗೆಯ ಬಗೆಯೇ ಜೆಎಸ್‌ಎಕ್ಸ್.

ಟಿಮ್ ಬರ್ನರ್ಸ್-ಲೀ 1991ರಲ್ಲಿ ಹೊರತಂದ ಎಚ್‌ಟಿಎಂಎಲ್‌ನ ಕೆಲಸ ಗುರುತು ಹಾಕುವುದು. ಇದು ತಲೆಬರಹ, ಇದು ಪರಿಚ್ಛೇದ ಎಂದು ಪಠ್ಯದ ಆಚೀಚೆ ಅದು ಟ್ಯಾಗ್ ಇಡುತ್ತದೆ. ಲೆಕ್ಕ ಮಾಡಲಾರದು, ನಿರ್ಧರಿಸಲಾರದು. ಆ ಕೆಲಸಕ್ಕೆ 1995ರಲ್ಲಿ ಜಾವಾಸ್ಕ್ರಿಪ್ಟ್ ಬಂತು. ರೂಪ ಒಂದು ಕಡತದಲ್ಲಿ, ನಡವಳಿಕೆ ಇನ್ನೊಂದರಲ್ಲಿ ಇರಬೇಕೆಂಬುದು ಮುಂದೆ ನಿಯಮದಂತೆಯೇ ಆಯಿತು.

ಪುಟಗಳು ಕ್ಷಣಕ್ಷಣಕ್ಕೆ ಬದಲಾಗತೊಡಗಿದಾಗ ತೊಡಕು ಬಂತು. ಟ್ಯಾಗುಗಳನ್ನು ಬರಿಯ ಅಕ್ಷರಗಳ ಸಾಲೆಂದು ಬಗೆದು ತುಂಡುತುಂಡಾಗಿ ಅಂಟಿಸುವ ರೂಢಿ ಬೆಳೆಯಿತು. ಇದರಲ್ಲಿ ಅಪಾಯವಿತ್ತು. ಹೆಸರು ತುಂಬಬೇಕಾದ ಜಾಗದಲ್ಲಿ ಯಾರಾದರೂ ದುರುದ್ದೇಶದಿಂದ ಆಜ್ಞೆ ಬರೆದರೆ, ಪುಟ ಅದನ್ನು ತನ್ನದೇ ಎಂದು ನಂಬಿ ನಡೆಸಿಬಿಡುತ್ತಿತ್ತು. ಪರರ ಖಾತೆಗೆ ಕನ್ನ ಹಾಕಲು ಅಷ್ಟು ಸಾಕು.

ಫೇಸ್‌ಬುಕ್ ಕಂಪನಿ 2010ರಲ್ಲಿ ಎಕ್ಸ್‌ಎಚ್‌ಪಿಯನ್ನು ಪ್ರಕಟಿಸಿತು. ಪಿಎಚ್‌ಪಿ ಭಾಷೆಯೊಳಗೇ ಟ್ಯಾಗ್ ಬರೆಯಲು ಅದು ಅವಕಾಶ ಕೊಟ್ಟಿತು. ಟ್ಯಾಗ್ ಯಾವುದು, ಬಳಕೆದಾರ ಬರೆದ ಮಾತು ಯಾವುದು ಎಂಬುದು ಯಂತ್ರಕ್ಕೆ ತಿಳಿಯುವಂತಾಯಿತು. ಅದೇ ಕಂಪನಿಯ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್ 2013ರ ಮೇ ತಿಂಗಳಲ್ಲಿ ಸಾರ್ವಜನಿಕ ಬಳಕೆಗೆ ಬಂದಾಗ, ಆ ವಿಚಾರ ಜೆಎಸ್‌ಎಕ್ಸ್ ಎಂಬ ಹೆಸರಿನಲ್ಲಿ ಜಾವಾಸ್ಕ್ರಿಪ್ಟ್‌ನೊಂದಿಗೆ ಕೂಡಿತು.

ಇದರಲ್ಲಿ ‘ಸೆರಗು’ ಎಂಬ ಅಂಗವನ್ನು ಒಮ್ಮೆ ವಿವರಿಸಿದರೆ ಸಾಕು. ‘ಸೀರೆ’ಯೊಳಗೆ ಬೇಕಾದಲ್ಲಿ ಅದರ ಹೆಸರಿನ ಟ್ಯಾಗ್ ಇಟ್ಟು, ಬಣ್ಣ ಯಾವುದೆಂದು ಜೊತೆಗೇ ತಿಳಿಸಬಹುದು. ಲೆಕ್ಕವಿದ್ದರೆ ಪುಷ್ಪಾವರಣದೊಳಗೆ ಜಾವಾಸ್ಕ್ರಿಪ್ಟ್ ಬರೆಯಬಹುದು. ಅಲ್ಲಿಂದ ಬಂದ ಪಠ್ಯವನ್ನು ರಿಯಾಕ್ಟ್ ಪಠ್ಯವಾಗಿಯೇ ತೋರಿಸುತ್ತದೆ, ಆಜ್ಞೆಯೆಂದು ಎಣಿಸುವುದಿಲ್ಲ. ಎಲ್ಲ ಅಪಾಯವೂ ಇದರಿಂದ ತಪ್ಪಿತೆಂದಲ್ಲ. ಕನ್ನದ ದೊಡ್ಡ ದಾರಿಯೊಂದು ಮುಚ್ಚಿತು.

ಆದರೂ ಮೊದಲಿಗೆ ಹಲವರು ಮೂಗು ಮುರಿದರು. ಬೆರೆಸಬಾರದ್ದನ್ನು ಬೆರೆಸಲಾಗಿದೆ ಎಂಬುದು ಅವರ ಆಕ್ಷೇಪ. ಹಳೆಯ ನಿಯಮ ಬೇರ್ಪಡಿಸಿದ್ದು ತಂತ್ರಜ್ಞಾನಗಳನ್ನೇ ಹೊರತು ಕೆಲಸಗಳನ್ನಲ್ಲ ಎಂದು ರಿಯಾಕ್ಟ್ ತಂಡದ ಪೀಟ್ ಹಂಟ್ ಅದೇ ವರ್ಷ ಉತ್ತರ ಕೊಟ್ಟರು. ನೇಕಾರರಿಗೆ ಈ ಮಾತು ಹೊಸದಲ್ಲ. ಒಡಲಿನಿಂದ ಸೆರಗನ್ನು ಬೇರೆ ಮಾಡಬಹುದು. ಸೆರಗಿನ ಚಿತ್ತಾರದಿಂದ ಅದರ ಎಳೆಗಳ ಲೆಕ್ಕವನ್ನು ಬೇರೆ ಮಾಡಲಾಗದು.

ಜೆಎಸ್‌ಎಕ್ಸ್ ಇಂದಿಗೂ ಜಾವಾಸ್ಕ್ರಿಪ್ಟ್ ಮಾನದಂಡದ ಭಾಗವಲ್ಲ. ಬ್ರೌಸರ್‌ಗೆ ಅದು ನೇರವಾಗಿ ಅರ್ಥವಾಗದು. ಬೇಬೆಲ್‌ನಂಥ ಪರಿವರ್ತಕ ಪ್ರತಿ ಟ್ಯಾಗನ್ನೂ ಸಾಮಾನ್ಯ ಜಾವಾಸ್ಕ್ರಿಪ್ಟ್ ಆಗಿ ಬದಲಿಸಿಕೊಡಬೇಕು. ಹೀಗಿದ್ದೂ ರಿಯಾಕ್ಟ್ ಮಾತ್ರವಲ್ಲ, ಸಾಲಿಡ್, ಪ್ರಿಯಾಕ್ಟ್‌ಗಳಲ್ಲಿಯೂ ಪುಟಗಳನ್ನು ಇದೇ ಬಗೆಯಲ್ಲಿ ಬರೆಯಲಾಗುತ್ತಿದೆ.