ಹೊಟ್ಟೆಹುಣ್ಣಿನ ಜೀವಿ, ಸೋಲುವ ಮಾತ್ರೆ

ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದುಂಟೇ ಎಂಬುದು ಅವರ ವಾದ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ 1979ರಲ್ಲಿ ಅಲ್ಲೇ ಸುರುಳಿ ಆಕಾರದ ಜೀವಿಯನ್ನು ಕಂಡರು. ಅದನ್ನು ಬೆಳೆಸುವ ಯತ್ನ ಮಾತ್ರ ಸೋಲುತ್ತಲೇ ಇತ್ತು. ಎರಡು ದಿನಕ್ಕೆ ಕಸ ಸೇರುತ್ತಿದ್ದ ತಟ್ಟೆಗಳು 1982ರ ಈಸ್ಟರ್ ರಜೆಯಲ್ಲಿ ಹಾಗೇ ಉಳಿದವು; ಜೀವಿ ಬೆಳೆದಿತ್ತು! ಆದರೂ ಜಗತ್ತು ನಂಬಲಿಲ್ಲ. 1984ರಲ್ಲಿ ವಾರೆನ್ನರ ಜೊತೆಗಾರ ಬ್ಯಾರಿ ಮಾರ್ಷಲ್ ಅದನ್ನು ತಾವೇ ಕುಡಿದರು. ಹುಣ್ಣಾಗಲಿಲ್ಲ, ಜಠರದ ಉರಿಯೂತವಂತೂ ಆಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಹೆಲಿಕೋಬ್ಯಾಕ್ಟರ್ ಪೈಲೋರಿ ಅಮೋನಿಯಾ ತಯಾರಿಸಿ ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಎಲ್ಲ ತಳಿಗಳೂ ಸಮಾನ ಕ್ರೂರಿಗಳಲ್ಲ. 'ಕ್ಯಾಗ್-ಎ' ಎಂಬ ಪ್ರೋಟೀನನ್ನು ಜಠರದ ಕೋಶಗಳಿಗೆ ಚುಚ್ಚುವ ತಳಿಗಳಿಂದ ಹುಣ್ಣು, ಕ್ಯಾನ್ಸರ್‌ಗಳ ಅಪಾಯ ಹೆಚ್ಚು.

ಶಸ್ತ್ರಚಿಕಿತ್ಸೆ ಬೇಡುತ್ತಿದ್ದ ಹುಣ್ಣು ಎರಡು ವಾರದ ಮಾತ್ರೆಗಳಿಗೆ ವಾಸಿಯಾಗತೊಡಗಿದ್ದು ಈ ಶೋಧದಿಂದಲೇ. ಆ ಮಾತ್ರೆಗಳೇ ಈಗ ನಾಟುತ್ತಿಲ್ಲ. ಭಾರತದಲ್ಲಿ ಭೇದಿಗೆಲ್ಲ ಮೆಟ್ರೊನಿಡಜೋಲ್ ನುಂಗಿ, ಜಠರದ ಜೀವಿಗೂ ಅದರ ಪಾಠವಾಗಿದೆ. ಕ್ಲಾರಿಥ್ರೊಮೈಸಿನ್ನಿಗೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಹೊಸ ಔಷಧ ತುರ್ತಾಗಿ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸಿತು.