ಆನೆ, ಪೂರಿ ಮತ್ತು ಮಂಗಳಯಾನ

ಇವತ್ತಿನ ಪ್ರಶ್ನೆ ಇದು: ಬಾಹ್ಯಾಕಾಶದ ಸಿನಿಮಾ ವಿಜ್ಞಾನವನ್ನ ಎಷ್ಟು ವಿವರಿಸಬೇಕು? ಜಾಸ್ತಿ ಆದ್ರೆ ಪಾಠ, ಕಡಿಮೆ ಆದ್ರೆ ಬರೀ ಗ್ರಾಫಿಕ್ಸ್.

ಉತ್ತರ ಹುಡುಕೋಕೆ ಗುಬ್ಬಿಯಿಂದಲೇ ಶುರು ಮಾಡೋಣ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಗೆ ದೊಡ್ಡ ಹೆಸರು ತಂದವರು ಗುಬ್ಬಿ ವೀರಣ್ಣನವರು. 1930ರ ದಶಕದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಅವರು ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ್ರು. ಅಲ್ಲಿ ಯುದ್ಧ ಯಾಕೆ ನಡೀತಿದೆ ಅಂತ ಯಾರೂ ವಿವರಿಸಬೇಕಾಗಿರಲಿಲ್ಲ. ಜನ ಆ ಕತೆಯನ್ನ ಮನೆಯಲ್ಲೇ ಕೇಳಿ ಬಂದಿದ್ರು. ಕಣ್ಣರಳಿಸಿ ನೋಡೋದಷ್ಟೇ ಬಾಕಿ.

ಮಂಗಳಯಾನದ ಕತೆಯನ್ನ ನಮಗೆ ಯಾವ ಅಜ್ಜಿಯೂ ಹೇಳಿಲ್ಲ. ಆ ಕೆಲಸವನ್ನೂ ಸಿನಿಮಾನೇ ಮಾಡಬೇಕು.

2019ರ ಹಿಂದಿ ಸಿನಿಮಾ 'ಮಿಷನ್ ಮಂಗಲ್' ಅದಕ್ಕೆ ಪೂರಿ ಬಳಸಿತು. ಒಲೆ ಆರಿಸಿದ್ರೂ ಕಾದ ಎಣ್ಣೆಯಲ್ಲಿ ಪೂರಿ ಬೇಯುತ್ತೆ, ಇಂಧನವನ್ನೂ ಹಾಗೇ ಉಳಿಸಬಹುದು ಅಂತ. ಹೋಲಿಕೆ ಚೆನ್ನಾಗಿದೆ, ಆದ್ರೆ ಅರ್ಧಕ್ಕೇ ನಿಲ್ಲುತ್ತೆ. ನೌಕೆಯನ್ನ ನೇರವಾಗಿ ಮಂಗಳದ ಕಡೆ ಎಸೆಯೋ ಶಕ್ತಿ ಪಿಎಸ್‌ಎಲ್‌ವಿ ರಾಕೆಟ್‌ಗೆ ಇರಲಿಲ್ಲ. ಅದಕ್ಕೇ 2013ರ ನವೆಂಬರ್‌ನಲ್ಲಿ ನೌಕೆ ಭೂಮಿಯನ್ನೇ ಸುತ್ತುತ್ತಾ, ಹತ್ತಿರ ಬಂದಾಗ ಎಂಜಿನ್ ಉರಿಸಿ, ಹಂತ ಹಂತವಾಗಿ ಕಕ್ಷೆಯನ್ನ ದೊಡ್ಡದು ಮಾಡ್ಕೊಳ್ತು. ಉಯ್ಯಾಲೆ ಕೆಳಗೆ ಬಂದಾಗ ಜೀಕಿದ ಹಾಗೆ. ನಾನು ಓದಿದ್ದು ಬಿಕಾಂ. ನನಗೇ ಇದು ಅರ್ಥ ಆಗುತ್ತೆ ಅಂದ್ಮೇಲೆ ಪ್ರೇಕ್ಷಕರಿಗೆ ಯಾಕೆ ಆಗಲ್ಲ?

ಈಗ 2014ರ ಸೆಪ್ಟೆಂಬರ್ 24ಕ್ಕೆ ಬನ್ನಿ. ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನನ್ನ ಎರಡು ದಿನ ಮೊದಲು ಬರೀ 4 ಸೆಕೆಂಡ್ ಉರಿಸಿ ನೋಡಿದ್ರು. ಇವತ್ತು ಅದು ಸುಮಾರು 24 ನಿಮಿಷ ಉರೀಬೇಕು. ಸಿಗ್ನಲ್ ಭೂಮಿ ತಲುಪೋಕೇ ಸುಮಾರು 12 ನಿಮಿಷ ಬೇಕು. ಅದರ ಮಧ್ಯೆ ನೌಕೆ ಮಂಗಳದ ಹಿಂದೆ ಮರೆಯಾಗುತ್ತೆ. ಬೆಂಗಳೂರಿನ ಕಂಟ್ರೋಲ್ ರೂಮಲ್ಲಿ ಕೂತವರು ಕಾಯೋದು ಬಿಟ್ಟು ಏನೂ ಮಾಡೋ ಹಾಗಿಲ್ಲ.

ಇಷ್ಟು ಗೊತ್ತಿದ್ರೆ ಆ ಮೌನಕ್ಕೇ ಎದೆ ಹೊಡ್ಕೊಳ್ಳುತ್ತೆ. ಗೊತ್ತಿಲ್ಲದಿದ್ರೆ, ಕಂಪ್ಯೂಟರ್ ನೋಡ್ತಾ ಕೂತಿರೋ ಒಂದಷ್ಟು ಜನ, ಅಷ್ಟೇ. ಹಾಗಾಗಿ ನನ್ನ ಲೆಕ್ಕ ಇದು: ವಿವರಣೆಯನ್ನ ಮೊದಲೇ ಕೊಟ್ಟುಬಿಡಿ, ಬೆರಗಿನ ಹೊತ್ತಲ್ಲಿ ಮಾತಾಡಬೇಡಿ.

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ನಮ್ಮ ಕಡೆಯ ಹುಡುಗಿಯೊಬ್ಬಳು ನಾಳೆ ಅಲ್ಲಿ ಕೆಲಸಕ್ಕೆ ಸೇರಬಹುದು. ಅವಳಿಗೆ ಪೂರಿ ತೋರಿಸಿದ್ರೆ ಸಾಲದು, ಉಯ್ಯಾಲೆಯನ್ನೂ ತೋರಿಸಿ.

ನಿಮ್ಮನ್ನ ಬೆರಗಾಗಿಸಿದ ಬಾಹ್ಯಾಕಾಶದ ದೃಶ್ಯ ಯಾವುದು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.