ಹಾಲು ವಾಪಸ್ ಕಳಿಸಿದ್ರೆ ವೋಟು ಯಾರು ಹಾಕ್ತಾರೆ?

ಇವತ್ತಿನ ಕಥೆ ಕೆನಡಾದ ಒಂಟಾರಿಯೋ ಪ್ರಾಂತ್ಯದ್ದು. ಅಲ್ಲಿ ಚೀಸ್ ಮಾಡಿ ಮಾರುತ್ತಿದ್ದ ಥಾಮಸ್ ಬ್ಯಾಲಂಟೈನ್ ಅನ್ನೋನು ಶಾಸನಸಭೆಯ ಸ್ಪೀಕರ್ ಕೂಡ ಆದ.

ಹುಟ್ಟಿದ್ದು 1829ರಲ್ಲಿ, ಸ್ಕಾಟ್ಲೆಂಡಿನ ಪೀಬಲ್ಸ್‌ನಲ್ಲಿ. ನಮ್ಮ ಹಾಗೇ ವಲಸಿಗ. 1852ರಲ್ಲಿ ಕೆನಡಾಕ್ಕೆ ಬಂದ. ಮೊದಲು ಮೇಷ್ಟ್ರ ಕೆಲಸ. 1867ರಲ್ಲಿ ಸ್ಟ್ರಾಟ್‌ಫರ್ಡ್ ಹತ್ತಿರದ ಬ್ಲ್ಯಾಕ್ ಕ್ರೀಕ್‌ನಲ್ಲಿ ಚೀಸ್ ಫ್ಯಾಕ್ಟರಿ ಶುರು ಮಾಡಿದ.

ಅದಕ್ಕೂ ಮೊದಲು ಚೀಸ್ ಅಂದ್ರೆ ರೈತರ ಮನೆ ಹೆಂಗಸರು ಮಾಡುತ್ತಿದ್ದದ್ದು, ಮನೆಗೊಂದು ರುಚಿ. ಫ್ಯಾಕ್ಟರಿಯಲ್ಲಿ ಎಲ್ಲರ ಹಾಲೂ ಒಂದೇ ತೊಟ್ಟಿಗೆ. ಒಬ್ಬನ ಕ್ಯಾನ್ ಕೊಳಕಾಗಿದ್ರೆ ತೊಟ್ಟಿಯೆಲ್ಲ ಹಾಳು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಬ್ಬನ ಕೆಟ್ಟ ಕಮಿಟ್‌ಗೆ ಇಡೀ ಬಿಲ್ಡ್ ಢಮಾರ್! ಮಾಲು ಹಡಗಿನಲ್ಲಿ ಬ್ರಿಟನ್ನಿಗೆ ಹೋಗಬೇಕು. ಅಲ್ಲಿ ಕೆಟ್ಟು ನಾರಿದ್ರೆ ಕೆನಡಾದ ಚೀಸಿಗೇ ಕೆಟ್ಟ ಹೆಸರು.

ಇನ್ನೊಂದು ತೊಂದರೆ ದುಡ್ಡಿನದು. ಊರಲ್ಲಿ ಡೇರಿಗೆ ಹಾಲು ಹಾಕೋ ಮನೆಯವರಿಗೆ ಗೊತ್ತು, ಫ್ಯಾಟ್ ನೋಡಿ ರೇಟು ಕೊಡ್ತಾರೆ. ಆಗ ಹಾಗಿರಲಿಲ್ಲ, ತೂಕಕ್ಕೆ ದುಡ್ಡು. ಕೆನೆ ತೆಗೆದವನಿಗೂ, ನೀರು ಬೆರೆಸಿದವನಿಗೂ ಅದೇ ರೇಟು. ಸುಲಭವಾದ ಫ್ಯಾಟ್ ಪರೀಕ್ಷೆಯನ್ನು ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀಫನ್ ಬ್ಯಾಬ್‌ಕಾಕ್ ಪ್ರಕಟಿಸಿದ್ದೇ 1890ರಲ್ಲಿ.

ಇಂಥ ಹೊತ್ತಲ್ಲಿ, 1875ರಲ್ಲಿ, ಬ್ಯಾಲಂಟೈನ್ ಲಿಬರಲ್ ಪಕ್ಷದಿಂದ ಸೌತ್ ಪರ್ತ್ ಕ್ಷೇತ್ರದ ಶಾಸಕನಾದ. ಒಂಟಾರಿಯೋದಲ್ಲಿ ಗುಪ್ತ ಮತದಾನದ ಕಾನೂನು ಬಂದದ್ದು ಅದರ ಹಿಂದಿನ ವರ್ಷ. ಈಗ ಯೋಚನೆ ಮಾಡಿ. ಹಾಲು ಹಾಕೋರೂ ರೈತರೇ, ವೋಟು ಹಾಕೋರೂ ರೈತರೇ. ಬೆಳಗ್ಗೆ ಯಾರದೋ ಹಾಲು ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರೆ, ಅವನು ಆ ಸಿಟ್ಟನ್ನು ಮತಪೆಟ್ಟಿಗೆಯಲ್ಲಿ ತೀರಿಸ್ಕೊಂಡ್ರೂ ಗೊತ್ತಾಗಲ್ಲ.

ಇದಕ್ಕೆ ದಾರಿ ಕೊಟ್ಟದ್ದು ಹೈನುಗಾರರ ಸಂಘ. ಪಶ್ಚಿಮ ಒಂಟಾರಿಯೋದ ಸಂಘಕ್ಕೆ ಬ್ಯಾಲಂಟೈನೇ ಅಧ್ಯಕ್ಷನಾಗಿದ್ದ. ಪ್ರಾಂತ್ಯ ಸರ್ಕಾರ ಅನುದಾನ ಕೊಡ್ತು, ಸಂಘಗಳು ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ತಿರುಗಿ ಹೇಳಿಕೊಡೋ ತಜ್ಞರನ್ನು ಇಟ್ಟವು. ಹಾಲು ಸರಿಯಿಲ್ಲ ಅನ್ನೋ ಮಾತು ಆಗ ಫ್ಯಾಕ್ಟರಿ ಯಜಮಾನನೊಬ್ಬನ ಮಾತಾಗಿ ಉಳಿಯಲಿಲ್ಲ, ಎಲ್ಲರಿಗೂ ಒಂದೇ ನಿಯಮ ಆಯ್ತು. ಅವನ ರಾಜಕೀಯದ ಜಾಣತನ ನನಗೆ ಕಾಣೋದು ಇಲ್ಲೇ.

ವೋಟು ಹೋಯ್ತಾ? ಇಲ್ಲ. 1894ರವರೆಗೂ ಶಾಸಕನಾಗಿದ್ದ, ಕೊನೆಯ ಮೂರು ವರ್ಷ ಸ್ಪೀಕರ್. ತೀರಿಕೊಂಡದ್ದು 1908ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಕೆನಡಾ 10 ಕೋಟಿ ಕಿಲೋಗೂ ಹೆಚ್ಚು ಚೀಸ್ ರಫ್ತು ಮಾಡಿತ್ತು. ಬಹುಪಾಲು ಬ್ರಿಟನ್ನಿಗೇ.